ಅಪ್ಪನ ತಿಥಿಗೆ ಹದಿಮೂರು ತಿಂಗಳು

ಅಪ್ಪ ತೀರಿಕೊಂಡದ್ದು 2023ರ ಜನವರಿ 31ರ ಬೆಳಗಿನ ಜಾವ, ಐದು ಗಂಟೆಯ ಹೊತ್ತಿಗೆ. ಮನೆಗೆ ಬಂದ ಭಟ್ಟರು ಪಂಚಾಂಗ ಬಿಡಿಸಿ ನೋಡಿದರು. ‘ಮಾಘ ಶುದ್ಧ ದಶಮಿ’ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆಸ್ಪತ್ರೆಯ ಕಾಗದದಲ್ಲಿ ಜನವರಿ 31 ಎಂದಿತ್ತು. ನನ್ನ ತಮ್ಮ ಸಿಯಾಟಲ್‌ನಲ್ಲಿದ್ದಾನೆ. ಅವನಿಗೆ ಫೋನ್ ಮಾಡಿದಾಗ ಅಲ್ಲಿ ಇನ್ನೂ ಜನವರಿ 30ರ ಮಧ್ಯಾಹ್ನ. ಅಮ್ಮ ಭಟ್ಟರ ಚೀಟಿಯನ್ನು ದೇವರ ಮನೆಯ ಡಬ್ಬಿಯಲ್ಲಿಟ್ಟಳು. ಆಸ್ಪತ್ರೆಯ ಕಾಗದವನ್ನು ನಾನು ಫೈಲಿಗೆ ಸೇರಿಸಿದೆ. ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಬಗೆಯ ತಿಂಗಳುಗಳು ಒಟ್ಟಿಗೆ ಓಡತೊಡಗಿದವು.

ಪಿಂಚಣಿಯ ಲೆಕ್ಕ ಸಲೀಸಾಗಿತ್ತು. ಅಪ್ಪ ತಿಂಗಳ ಕೊನೆಯ ದಿನ ಹೋಗಿದ್ದರಿಂದ ಜನವರಿಯದ್ದು ಪೂರ್ತಿ ಅವರ ಪಿಂಚಣಿ, ಫೆಬ್ರವರಿ ಒಂದರಿಂದ ಅಮ್ಮನ ಕುಟುಂಬ ಪಿಂಚಣಿ. ದಿನದ ಲೆಕ್ಕ ಹಾಕಿ ಭಾಗ ಮಾಡುವ ಕೆಲಸವೇ ಬರಲಿಲ್ಲ. ‘ನೋಡು, ತಿಂಗಳು ಮುಗಿಸಿಕೊಂಡೇ ಹೋದರು’ ಅಂದಳು ಅಮ್ಮ. ಅಪ್ಪ ಹಾಗೇ ಇದ್ದವರು. ಹಾಲಿನವನ ಲೆಕ್ಕ, ಪೇಪರಿನವನ ಲೆಕ್ಕ, ಎಲ್ಲವನ್ನೂ ಕೊನೆಯ ತಾರೀಖಿಗೆ ಚುಕ್ತಾ ಮಾಡಿ ಮಲಗುತ್ತಿದ್ದರು.

ಮಾಸಿಕಗಳ, ಅಂದರೆ ಮೊದಲ ವರ್ಷ ತಿಂಗಳಿಗೊಮ್ಮೆ ಮಾಡುವ ಶ್ರಾದ್ಧಗಳ, ಲೆಕ್ಕ ಮಾತ್ರ ಬೇರೆ ದಾರಿ ಹಿಡಿಯಿತು. ಜೂನ್ ತಿಂಗಳಲ್ಲಿ ಭಟ್ಟರು ಫೋನ್ ಮಾಡಿ ‘ಈ ಸಲ ಅಧಿಕ ಶ್ರಾವಣ ಇದೆ, ಒಂದು ಮಾಸಿಕ ಜಾಸ್ತಿ ಬರುತ್ತೆ, ನೆನಪಿರಲಿ’ ಅಂದರು. ತಮ್ಮನಿಗೆ ಹೇಳಿದಾಗ ಅವನು ಕೇಳಿದ, ‘ವರ್ಷಕ್ಕೆ ಹನ್ನೆರಡಲ್ವಾ ತಿಂಗಳು? ಹದಿಮೂರನೆಯದು ಎಲ್ಲಿಂದ ಬಂತು?’

ಅವನಿಗೆ ಉತ್ತರ ಹೇಳಲು ಕೂತಾಗ ನನಗೇ ಅದು ಸರಿಯಾಗಿ ಗೊತ್ತಿಲ್ಲ ಅನ್ನಿಸಿತು. ಇಪ್ಪತ್ತು ವರ್ಷದಿಂದ ಸಾಲದ ಕಂತಿನ ಸಾಫ್ಟ್‌ವೇರ್ ಬರೆಯುತ್ತಿರುವವನು ನಾನು. ತಿಂಗಳನ್ನು ಕೂಡಿಸುವುದು, ಕಳೆಯುವುದು ನನ್ನ ದಿನದ ಕೆಲಸ. ಆದರೂ ತಿಂಗಳು ಅಂದರೆ ಎಷ್ಟು ಎಂದು ಯಾರಾದರೂ ನೇರವಾಗಿ ಕೇಳಿದರೆ ನನ್ನ ಬಳಿ ಒಂದು ಸಂಖ್ಯೆ ಇಲ್ಲ.

ನಮ್ಮ ಭಾಷೆ ಒಂದು ಸುಳಿವು ಕೊಡುತ್ತದೆ. ತಿಂಗಳು ಅಂದರೆ ಚಂದ್ರ. ‘ತಿಂಗಳ ಬೆಳಕು’ ಅನ್ನುವಾಗ ನಾವು ಹೇಳುವುದು ಬೆಳುದಿಂಗಳನ್ನು. ‘ತಿಂಗಳ ಬಾಡಿಗೆ’ ಅನ್ನುವಾಗ ಅದೇ ಪದ ಕಾಲದ ಅಳತೆಯಾಗುತ್ತದೆ. ಚಂದ್ರ ಒಂದು ಸುತ್ತು ಕರಗಿ ಬೆಳೆಯುವುದೇ ಮೊದಲ ತಿಂಗಳು. ಅದಕ್ಕೆ ಗೋಡೆಯ ಕ್ಯಾಲೆಂಡರ್ ಬೇಡ, ಅಂಗಳಕ್ಕೆ ಬಂದು ತಲೆ ಎತ್ತಿದರೆ ಸಾಕು.

ತೊಂದರೆ ಏನೆಂದರೆ ಈ ಸುತ್ತು ಪೂರ್ತಿ ದಿನಗಳಲ್ಲಿ ಮುಗಿಯುವುದಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಅದು ಸರಾಸರಿ ಮಾತ್ರ. ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ, ಭೂಮಿಯೂ ಅಷ್ಟೇ. ಹಾಗಾಗಿ ಕೆಲವು ತಿಂಗಳು 29 ದಿನದ ಮೇಲೆ ಆರೇಳು ಗಂಟೆಗೇ ಮುಗಿಯುತ್ತವೆ, ಕೆಲವು 29 ದಿನದ ಮೇಲೆ ಹತ್ತೊಂಬತ್ತು ಇಪ್ಪತ್ತು ಗಂಟೆ ಎಳೆಯುತ್ತವೆ. ತಿಥಿಯ ಕಥೆಯೂ ಇದೇ. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದು ಸುಮಾರು 20 ಗಂಟೆಗೂ ಇಳಿಯುತ್ತದೆ, 26 ಗಂಟೆಗೂ ಏರುತ್ತದೆ.

ಇಂಥ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಋತುಗಳ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಇಸ್ಲಾಮಿನ ಹಿಜರಿ ಲೆಕ್ಕದಲ್ಲಿ ಆ ಹನ್ನೊಂದು ದಿನಗಳನ್ನು ಹಾಗೇ ಬಿಡುತ್ತಾರೆ. ಅದಕ್ಕೇ ರಂಜಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುತ್ತದೆ. ಅಲ್ಲಿ ತಿಂಗಳು ಶುರುವಾಗುವುದು ಚಂದ್ರ ಕಣ್ಣಿಗೆ ಬಿದ್ದಾಗ. ಮಂಗಳೂರು, ಉಡುಪಿ ಕಡೆ ಕೇರಳದ ಚಂದ್ರದರ್ಶನವನ್ನು ಅನುಸರಿಸುವುದರಿಂದ ಎಷ್ಟೋ ವರ್ಷ ಅಲ್ಲಿ ಹಬ್ಬ ಒಂದು ದಿನ ಮುಂಚೆ, ಬೆಂಗಳೂರಿನಲ್ಲಿ ಮಾರನೇ ದಿನ. ಒಂದೇ ರಾಜ್ಯದಲ್ಲಿ ಒಂದೇ ತಿಂಗಳು ಎರಡು ಬೇರೆ ಬೇರೆ ದಿನ ಮುಗಿಯುತ್ತದೆ.

ನಮ್ಮ ಪಂಚಾಂಗದವರು ಆ ಹನ್ನೊಂದು ದಿನಗಳನ್ನು ಬಿಡುವುದಿಲ್ಲ. ಕೂಡಿಡುತ್ತಾರೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅದು ಒಂದು ತಿಂಗಳಾದಾಗ ಅಧಿಕ ಮಾಸ. ಅದನ್ನು ಎಲ್ಲಿ ಸೇರಿಸಬೇಕು ಎಂಬುದಕ್ಕೆ ಇರುವ ನಿಯಮ ತಿಳಿದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತು. ಯಾವ ಚಾಂದ್ರ ತಿಂಗಳಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದಿಲ್ಲವೋ ಅದೇ ಅಧಿಕ. ಹಾಗೆ ದಾಟುವುದೇ ಸಂಕ್ರಾಂತಿ. ಸಂಕ್ರಾಂತಿ ಇಲ್ಲದ ತಿಂಗಳಿಗೆ ತನ್ನದೇ ಹೆಸರಿಲ್ಲ, ಮುಂದಿನ ತಿಂಗಳ ಹೆಸರನ್ನೇ ಎರವಲು ಪಡೆಯುತ್ತದೆ. 2023ರಲ್ಲಿ ಕರ್ಕಾಟಕ ಸಂಕ್ರಾಂತಿ ಆದದ್ದು ಜುಲೈ 17ರ ಬೆಳಗಿನ ಜಾವ. ಆವತ್ತು ರಾತ್ರಿ ಅಮಾವಾಸ್ಯೆ ಮುಗಿಯಿತು. ಮುಂದಿನ ಅಮಾವಾಸ್ಯೆ ಆಗಸ್ಟ್ 16ಕ್ಕೆ. ಸಿಂಹ ಸಂಕ್ರಾಂತಿ ಆಗಸ್ಟ್ 17ರ ಮಧ್ಯಾಹ್ನ. ಈ ಕಡೆ ಒಂದು ದಿನದೊಳಗೆ, ಆ ಕಡೆಯೂ ಒಂದು ದಿನದೊಳಗೆ ತಪ್ಪಿ, ನಡುವಿನ ತಿಂಗಳು ಸಂಕ್ರಾಂತಿಯಿಲ್ಲದೆ ಉಳಿಯಿತು. ಅಪ್ಪನ ಒಂದು ಮಾಸಿಕ ಬಂದದ್ದು ಆ ಸಂದಿಯಿಂದ.

ಇದಕ್ಕೆ ತದ್ವಿರುದ್ಧವೂ ಉಂಟು. ಒಂದೇ ಚಾಂದ್ರ ತಿಂಗಳಲ್ಲಿ ಎರಡು ಸಂಕ್ರಾಂತಿ ಬಿದ್ದರೆ ಒಂದು ತಿಂಗಳು ಕಳೆದೇ ಹೋಗುತ್ತದೆ. ಅದು ಕ್ಷಯ ಮಾಸ. ಕಳೆದ ಶತಮಾನದಲ್ಲಿ ಹಾಗಾದದ್ದು ಎರಡೇ ಸಲ, 1963–64ರಲ್ಲಿ ಮತ್ತು 1982–83ರಲ್ಲಿ.

ಅದೇ ಜುಲೈಯಲ್ಲಿ ಆಫೀಸಿನ ಗೆಳೆಯನೊಬ್ಬ ಒಂದು ಪೇಚಿಗೆ ಸಿಕ್ಕಿಕೊಂಡ. ಅವನದು ಶಿವಮೊಗ್ಗ ಕಡೆ, ಹೊಸದಾಗಿ ಮದುವೆಯಾದ ಹೆಂಡತಿ ಉಡುಪಿ ಕಡೆಯವಳು. ಇವರ ಮನೆಯಲ್ಲಿ ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಹೋಗಬೇಕು. ಅವರ ಮನೆಯಲ್ಲಿ ತುಳು ತಿಂಗಳಾದ ಆಟಿಗೆ ಬರಬೇಕು. ಹೆಚ್ಚಿನ ವರ್ಷ ಎರಡೂ ಒಂದಷ್ಟು ದಿನ ಒಂದರ ಮೇಲೊಂದು ಬೀಳುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆಷಾಢ ಚಂದ್ರನ ತಿಂಗಳು, ಆಟಿ ಸೂರ್ಯನ ತಿಂಗಳು. 2023ರಲ್ಲಿ ಆಷಾಢ ಮುಗಿಯುವುದಕ್ಕೂ ಆಟಿ ಶುರುವಾಗುವುದಕ್ಕೂ ಸರಿಹೋಯಿತು. ಹುಡುಗಿ ಎರಡು ತಿಂಗಳು ತವರಿನಲ್ಲೇ ಉಳಿದಳು. ಅವಳಿಗೆ ಅದರಿಂದ ಖುಷಿಯೇ ಆಯಿತಂತೆ.

ಸೂರ್ಯನ ತಿಂಗಳಾದರೂ ನೆಟ್ಟಗಿದೆಯಾ ಅಂದರೆ ಅದೂ ಇಲ್ಲ. ತುಳುನಾಡಿನ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಲ್ಲ ಸಂಕ್ರಾಂತಿಯಿಂದ ಸಂಕ್ರಾಂತಿಗೆ. ಜುಲೈ ಹೊತ್ತಿಗೆ ಭೂಮಿ ಸೂರ್ಯನಿಂದ ದೂರ, ನಡಿಗೆ ನಿಧಾನ. ಹಾಗಾಗಿ ಮಿಥುನ ಮಾಸ ಮೂವತ್ತೊಂದೂವರೆ ದಿನ ದಾಟುತ್ತದೆ. ಜನವರಿಯಲ್ಲಿ ಹತ್ತಿರ, ನಡಿಗೆ ಬಿರುಸು. ಧನುರ್ಮಾಸ ಇಪ್ಪತ್ತೊಂಬತ್ತೂವರೆಯೊಳಗೇ ಮುಗಿಯುತ್ತದೆ. ಸಂಕ್ರಾಂತಿ ಸಂಜೆಗೋ ರಾತ್ರಿಗೋ ಆದರೆ ತಿಂಗಳ ಮೊದಲ ದಿನ ಯಾವುದು? ತಮಿಳರು ಸೂರ್ಯಾಸ್ತದ ಗೆರೆ ಎಳೆದರು, ಬಂಗಾಳದವರು ನಡುರಾತ್ರಿಯ ಗೆರೆ. ಕೇರಳದವರ ಗೆರೆ ಮಧ್ಯಾಹ್ನದ ಆಚೆ ಎಲ್ಲೋ ಇದೆ. ಆಕಾಶ ಒಂದೇ, ಗೆರೆಗಳು ನಮ್ಮವು.

ಸ್ವಾತಂತ್ರ್ಯ ಬಂದ ಮೇಲೆ ಇದನ್ನೆಲ್ಲ ಒಂದು ಮಾಡಲು ಒಂದು ದೊಡ್ಡ ಪ್ರಯತ್ನ ನಡೆಯಿತು. 1952ರಲ್ಲಿ ಖಭೌತ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ರಚನೆಯಾಯಿತು. 1955ರಲ್ಲಿ ವರದಿ ಬಂತು. 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು, ಅವತ್ತು ಶಕ 1879ರ ಚೈತ್ರ 1. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31 ದಿನ, ಉಳಿದವಕ್ಕೆ 30, ಅಧಿಕ ವರ್ಷದಲ್ಲಿ ಚೈತ್ರಕ್ಕೆ ಒಂದು ಹೆಚ್ಚು. ಆ ಐದೇ ತಿಂಗಳಿಗೆ ಯಾಕೆ 31 ಅಂದರೆ ಆಗಲೇ ಸೂರ್ಯ ನಿಧಾನ. ಇಷ್ಟು ಯೋಚಿಸಿ ಮಾಡಿದ ಕ್ಯಾಲೆಂಡರ್ ಇವತ್ತು ರಾಜಪತ್ರದ ಮೇಲ್ಗಡೆ ಒಂದು ಸಾಲಾಗಿ ಉಳಿದಿದೆ. ನನಗೆ ಇದು ಬೇಸರದ ವಿಷಯ. ಆದರೆ ಕಾರಣವೂ ಅರ್ಥವಾಗುತ್ತದೆ. ಅದರ ಚೈತ್ರದಲ್ಲಿ ಯುಗಾದಿ ಪ್ರತಿ ವರ್ಷ ಒಂದನೇ ತಾರೀಖಿಗೇ ಬರುವುದಿಲ್ಲ. ಚಂದ್ರನೇ ಇಲ್ಲದ ಚೈತ್ರವನ್ನು ಜನ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಇಂಗ್ಲಿಷ್ ತಿಂಗಳಾದರೂ ಸುಲಭ ಅಂತ ನಾವು ಅಂದುಕೊಂಡಿದ್ದೇವೆ. ಚಿಕ್ಕಂದಿನಲ್ಲಿ ಅಪ್ಪ ನನಗೆ ಮುಷ್ಟಿ ಕಟ್ಟಿಸಿ ಗೆಣ್ಣು ಎಣಿಸಲು ಕಲಿಸಿದ್ದರು. ಉಬ್ಬಿದ ಗೆಣ್ಣಿಗೆ 31, ತಗ್ಗಿಗೆ 30, ಫೆಬ್ರವರಿಯ ತಗ್ಗಿಗೆ ಮಾತ್ರ 28 ಅಥವಾ 29. ಜುಲೈಗೆ ಕೈ ಮುಗಿದು, ಆಗಸ್ಟ್‌ಗೆ ಮತ್ತೆ ಮೊದಲ ಗೆಣ್ಣು. ಅಗಸ್ಟಸ್ ಚಕ್ರವರ್ತಿ ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡ ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಅದು ಸುಳ್ಳು ಕಥೆ. ಫೆಬ್ರವರಿ ಅದಕ್ಕೆ ಬಹಳ ಹಿಂದಿನಿಂದಲೂ 28 ದಿನದ ಪುಟ್ಟ ತಿಂಗಳೇ ಆಗಿತ್ತು.

ಆ ಪುಟ್ಟ ತಿಂಗಳೇ ನನ್ನ ಕೆಲಸದ ಮೊದಲ ದೊಡ್ಡ ತಪ್ಪಿಗೆ ಕಾರಣ. ನಾನಾಗ ಹೊಸಬ. ಸಾಲ ಕೊಟ್ಟ ತಾರೀಖಿನಿಂದ ಪ್ರತಿ ತಿಂಗಳೂ ಕಂತಿನ ತಾರೀಖು ಹಾಕುವ ಪ್ರೋಗ್ರಾಮ್ ಬರೆದಿದ್ದೆ. ಹಿಂದಿನ ಕಂತಿನ ತಾರೀಖಿಗೆ ಒಂದು ತಿಂಗಳು ಕೂಡಿಸಿದರೆ ಮುಂದಿನದು, ಅಷ್ಟೇ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 31 ಇಲ್ಲ, ಆದ್ದರಿಂದ 28. ಫೆಬ್ರವರಿ 28ಕ್ಕೆ ಒಂದು ತಿಂಗಳು ಕೂಡಿಸಿದರೆ ಮಾರ್ಚ್ 28. ಅಲ್ಲಿಂದ ಏಪ್ರಿಲ್ 28, ಮೇ 28. 31ರಲ್ಲಿದ್ದ ಕಂತು ಫೆಬ್ರವರಿಯ ಬಾಗಿಲಲ್ಲಿ ತಲೆ ತಗ್ಗಿಸಿತು, ಆಮೇಲೆ ತಲೆ ಎತ್ತಲೇ ಇಲ್ಲ.

ಟೆಸ್ಟ್ ಮಾಡುವಾಗ ಯಾರಿಗೂ ಕಾಣಲಿಲ್ಲ. ಕಂಡದ್ದು ಒಬ್ಬ ಗ್ರಾಹಕರಿಗೆ. ಅವರಿಗೆ ಸಂಬಳ ಬರುತ್ತಿದ್ದದ್ದು ತಿಂಗಳ ಕೊನೆಯ ದಿನ. ಅದಕ್ಕೇ ಅವರು 31ನೇ ತಾರೀಖು ಬೇಕೆಂದು ಕೇಳಿ ಹಾಕಿಸಿಕೊಂಡಿದ್ದರು. ಮಾರ್ಚ್ 28ಕ್ಕೆ ಖಾತೆಯಲ್ಲಿ ದುಡ್ಡಿಲ್ಲ, ಕಂತು ಬೌನ್ಸ್, ಮೇಲೆ ದಂಡ. ಏಪ್ರಿಲ್‌ನಲ್ಲೂ ಹಾಗೇ. ‘ನಾನು ಒಂದು ತಿಂಗಳೂ ತಪ್ಪಿಸಿಲ್ಲ ಸಾರ್, ನಿಮ್ಮ ತಿಂಗಳೇ ತಪ್ಪಿದೆ’ ಎಂದು ಅವರು ಹೇಳಿದರಂತೆ. ಆ ಮಾತು ನನ್ನವರೆಗೆ ಬಂತು. ದಂಡ ವಾಪಸ್ ಕೊಡಿಸಿದೆವು, ಕೋಡ್ ತಿದ್ದಿದೆ. ಈಗಿನ ನಿಯಮ: ಯಾವತ್ತೂ ಮೊದಲ ತಾರೀಖಿನಿಂದಲೇ ಎಣಿಸಬೇಕು. ಜನವರಿ 31ಕ್ಕೆ ಎರಡು ತಿಂಗಳು ಕೂಡಿಸಿದರೆ ಮಾರ್ಚ್ 31. ಒಂದು, ಮತ್ತೆ ಒಂದು ಎಂದು ಕೂಡಿಸಿದರೆ ಮಾರ್ಚ್ 28. ತಿಂಗಳ ಲೋಕದಲ್ಲಿ ಒಂದು ಮತ್ತು ಒಂದು ಸೇರಿ ಎರಡಾಗುವುದಿಲ್ಲ. ಇದನ್ನು ನಾನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ ಇದೆ, ಅದು ಇನ್ನೂ ಕಷ್ಟದ್ದು. ಫೆಬ್ರವರಿ 28ರಂದೇ ಸಾಲ ಕೊಟ್ಟರೆ ಮುಂದಿನ ಕಂತು ಯಾವಾಗ? ಮಾರ್ಚ್ 28ಕ್ಕಾ, 31ಕ್ಕಾ? ಆ ಮನುಷ್ಯ ಬಂದದ್ದು ‘ಇಪ್ಪತ್ತೆಂಟನೇ ತಾರೀಖು’ ಎಂದೋ, ‘ತಿಂಗಳ ಕೊನೆ’ ಎಂದೋ? ತಾರೀಖಿನ ಮುಖದಲ್ಲಿ ಅದು ಬರೆದಿರುವುದಿಲ್ಲ. ಒರಾಕಲ್ ಡೇಟಾಬೇಸ್ ಅದನ್ನು ತಿಂಗಳ ಕೊನೆ ಎಂದೇ ಹಿಡಿದು ಮಾರ್ಚ್ 31 ಎನ್ನುತ್ತದೆ. ಬೇರೆ ಎಷ್ಟೋ ಕಡೆ 28 ಎನ್ನುತ್ತಾರೆ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಜನವರಿ 31ರ ತಿಂಗಳನ್ನು ಒಂದು ಮುಂದೆ ಹಾಕು ಅಂದರೆ ಫೆಬ್ರವರಿಯನ್ನು ಹಾರಿ ಮಾರ್ಚ್ 3ಕ್ಕೆ ಹೋಗಿ ಕೂರುತ್ತದೆ. ಯಾವುದೂ ತಪ್ಪಲ್ಲ. ಪ್ರತಿಯೊಂದೂ ಒಂದು ಒಪ್ಪಂದ.

ಇದೇ ಪ್ರಶ್ನೆ ಕೋರ್ಟಿಗೂ ಹೋಗಿದೆ ಎಂದು ಬಹಳ ವರ್ಷಗಳ ನಂತರ ತಿಳಿಯಿತು. ಇಂಗ್ಲೆಂಡಿನಲ್ಲಿ ಒಬ್ಬ ಬಾಡಿಗೆದಾರನಿಗೆ 1978ರ ಸೆಪ್ಟೆಂಬರ್ 30ರಂದು ನೋಟಿಸ್ ಬಂತು. ಅರ್ಜಿ ಹಾಕಲು ನಾಲ್ಕು ತಿಂಗಳು ಗಡುವು. ಅವನು ಅರ್ಜಿ ಹಾಕಿದ್ದು 1979ರ ಜನವರಿ 31ಕ್ಕೆ. ಸೆಪ್ಟೆಂಬರ್ 30 ತಿಂಗಳ ಕೊನೆ, ಆದ್ದರಿಂದ ಗಡುವೂ ಜನವರಿಯ ಕೊನೆ ಎಂಬುದು ಅವನ ವಾದ. 1981ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಮೂವತ್ತಕ್ಕೆ ಮೂವತ್ತೇ ಜೋಡಿ, ಜನವರಿ 30ಕ್ಕೇ ಗಡುವು ಮುಗಿದಿತ್ತು ಎಂದಿತು. ಒಂದು ದಿನಕ್ಕೆ ಅವನ ಅರ್ಜಿ ಹೋಯಿತು. ಅದನ್ನು ಓದಿದಾಗ ನನಗೆ ಮಾರ್ಚ್ 28ರ ಆ ಗ್ರಾಹಕರು ಕಣ್ಣ ಮುಂದೆ ಬಂದರು.

ನಮ್ಮಲ್ಲಿ 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನಲ್ಲಿ ತಿಂಗಳಿಗೆ ಒಂದು ಸಾಲಿನ ಅರ್ಥ ಕೊಟ್ಟಿದ್ದಾರೆ: ಬ್ರಿಟಿಷ್ ಕ್ಯಾಲೆಂಡರಿನ ಪ್ರಕಾರ ಎಣಿಸಿದ ತಿಂಗಳು. ಇವತ್ತಿಗೂ ಆ ಸಾಲು ಹಾಗೇ ಇದೆ. 2010ರಲ್ಲಿ ಹಿಮಾಚಲ ಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಬಿಡಿಸಿ ಹೇಳಿತು. ಮೂರು ತಿಂಗಳು ಅಂದರೆ ತೊಂಬತ್ತು ದಿನ ಅಲ್ಲ. ಕಾನೂನಿನ ಒಂದೇ ಕಲಮಿನಲ್ಲಿ ಒಂದು ಕಡೆ ‘ಮೂರು ತಿಂಗಳು’, ಇನ್ನೊಂದು ಕಡೆ ‘ಮೂವತ್ತು ದಿನ’ ಎಂದು ಬರೆದಿದ್ದರೆ ಎರಡೂ ಬೇರೆ ಬೇರೆ ಎಂದೇ ಅರ್ಥ. ನವೆಂಬರ್ 12ರಿಂದ ಮೂರು ತಿಂಗಳು ಫೆಬ್ರವರಿ 12ಕ್ಕೆ ಮುಗಿಯುತ್ತದೆ. ದಿನ ಎಣಿಸಿ ನೋಡಿ, 92.

ಅಪ್ಪನ ನಿವೃತ್ತಿಯಲ್ಲೂ ಇಂಥದೊಂದು ಒಂದು ದಿನದ ಗೆರೆ ಇತ್ತು. ಅವರು ಹುಟ್ಟಿದ್ದು ಆಷಾಢದ ಮಳೆಯಲ್ಲಿ, ಏಕಾದಶಿಯ ಮಾರನೇ ದಿನ ಎಂದು ಅಜ್ಜಿ ಹೇಳುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಜೂನ್ 1. ಆ ಕಾಲದ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1ಕ್ಕೇ ಇರುವುದು ಇದರಿಂದ. ಸಾಮಾನ್ಯವಾಗಿ ಸರ್ಕಾರಿ ನೌಕರರು ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಖಿಗೆ ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೆ. ಹಾಗಾಗಿ ಅಪ್ಪ ಮೇ 31ಕ್ಕೆ ಮನೆಗೆ ಬಂದರು. ಜೂನ್ 2 ಎಂದು ಮೇಷ್ಟ್ರು ಬರೆದಿದ್ದರೆ ಇನ್ನೊಂದು ತಿಂಗಳ ಸಂಬಳ. ಇಂಕ್ರಿಮೆಂಟ್ ವಿಷಯದಲ್ಲೂ ಇಂಥ ಒಂದು ದಿನದ ಜಗಳ ಬಹಳ ವರ್ಷ ನಡೆಯಿತು. ವರ್ಷವಿಡೀ ದುಡಿದು, ಇಂಕ್ರಿಮೆಂಟ್ ಕೈಗೆ ಬರುವ ಹಿಂದಿನ ದಿನ ನಿವೃತ್ತರಾದವರಿಗೂ ಅದು ಸಲ್ಲಬೇಕು ಎಂದು 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ನೌಕರರ ಪ್ರಕರಣ ಅದು. ತೀರ್ಪಿನ ಸುದ್ದಿ ಓದಿ ಹೇಳಲು ಅಪ್ಪ ಇರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮನ ಫೋನಿಗೂ ತಿಂಗಳ ತೊಂದರೆ ಬಂತು. ರೀಚಾರ್ಜ್ ಮಾಡಿಸುತ್ತಿದ್ದವರು ಅಪ್ಪ. ಮಾರ್ಚ್ ಒಂದಕ್ಕೆ ನಾನು ಮಾಡಿಸಿದೆ, ತಿಂಗಳಿಗೆ ಸಾಕು ಅಂತ ಬಿಟ್ಟೆ. ಮಾರ್ಚ್ 29ಕ್ಕೆ ಅವಳ ಫೋನ್ ನಿಂತುಹೋಯಿತು. ಎರಡು ದಿನ ಅವಳು ಯಾರಿಗೂ ಫೋನ್ ಮಾಡಲಾಗದೆ ಸುಮ್ನೆ ಕೂತಿದ್ದಳು, ಮೊಬೈಲು ಕೆಟ್ಟಿದೆ ಅಂದುಕೊಂಡು. ನಾನು ಹಾಕಿಸಿದ್ದು 28 ದಿನದ ಪ್ಲಾನ್. ವರ್ಷಕ್ಕೆ ಹದಿಮೂರು ಸಲ ಹಾಕಿಸಿದರೂ 364 ದಿನ. ಇದರ ಬಗ್ಗೆ ದೂರುಗಳು ಬಂದೇ 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದು ಆದೇಶ ಹೊರಡಿಸಿತ್ತು. ಪ್ರತಿ ಕಂಪನಿಯೂ 30 ದಿನದ ಪ್ಲಾನ್‌ಗಳನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಲಾನ್‌ಗಳನ್ನೂ ಇಡಲೇಬೇಕು. ಆ ತಾರೀಖು ಇಲ್ಲದ ತಿಂಗಳಲ್ಲಿ ಕೊನೆಯ ದಿನ. ನನ್ನ ಹಳೆಯ ತಪ್ಪಿನ ಪರಿಹಾರವನ್ನೇ ಸರ್ಕಾರಿ ಆದೇಶದಲ್ಲಿ ಓದಿದಂತಾಯಿತು. ಈಗ ಅಮ್ಮನಿಗೆ ತಾರೀಖಿನ ಪ್ಲಾನ್ ಹಾಕಿಸಿದ್ದೇನೆ.

ಅಪ್ಪನ ವರ್ಷಾಬ್ದಿಕದ ದಿನ ಗೊತ್ತು ಮಾಡುವಾಗ ಇನ್ನೊಂದು ಗೊಂದಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾಘ ಶುದ್ಧ ದಶಮಿ 2024ರ ಫೆಬ್ರವರಿ 19ಕ್ಕಿತ್ತು. ಭಟ್ಟರು 18 ಅಂದರು. ನಾನು ಕ್ಯಾಲೆಂಡರಿನ ಫೋಟೋ ಕಳಿಸಿದೆ. ಅವರು ಬೇಜಾರಿಲ್ಲದೆ ವಿವರಿಸಿದರು. ‘ಕ್ಯಾಲೆಂಡರಿನವರು ಸೂರ್ಯೋದಯಕ್ಕೆ ಇರುವ ತಿಥಿ ಹಾಕ್ತಾರೆ. 19ಕ್ಕೆ ಬೆಳಗ್ಗೆ ಒಂಬತ್ತರೊಳಗೇ ದಶಮಿ ಮುಗಿದುಹೋಗುತ್ತೆ. ಶ್ರಾದ್ಧಕ್ಕೆ ಅಪರಾಹ್ಣದಲ್ಲಿ ತಿಥಿ ಇರಬೇಕು. ಅದು ಇರೋದು 18ಕ್ಕೆ.’ ಹಬ್ಬಕ್ಕೆ ಒಂದು ಗೆರೆ, ಪಿತೃಕಾರ್ಯಕ್ಕೆ ಒಂದು ಗೆರೆ. ಅವರು ತಮ್ಮ ಲೆಕ್ಕ ಯಾವುದೆಂದು ಮೊದಲೇ ಹೇಳಿಬಿಟ್ಟರು, ಅಲ್ಲಿಗೆ ವಾದ ಮುಗಿಯಿತು. ನಾವು ಸಾಫ್ಟ್‌ವೇರಿನವರು ಇದನ್ನು ಮಾಡುವುದಿಲ್ಲ. ‘ತಿಂಗಳಿಗೆ’ ಎಂದು ಬರೆದು ಬಿಟ್ಟುಬಿಡುತ್ತೇವೆ. ಯಾರ ತಿಂಗಳು, ಎಲ್ಲಿಂದ ಎಣಿಸಿದ್ದು, ಇಲ್ಲದ ತಾರೀಖಿಗೆ ಏನು ಮಾಡುತ್ತೇವೆ ಎಂಬುದನ್ನು ಗ್ರಾಹಕರಿಗೆ ದಂಡ ಬಿದ್ದ ಮೇಲೆ ಹೇಳುತ್ತೇವೆ. ಆ ವಾರವೇ ನಮ್ಮ ಸಾಲದ ಪತ್ರದಲ್ಲಿ ಎರಡು ಸಾಲು ಸೇರಿಸಬೇಕೆಂದು ನಾನು ಹಟ ಹಿಡಿದೆ. ಈಗ ಅಲ್ಲಿ ಕಂತಿನ ತಾರೀಖು 29, 30, 31 ಆಗಿದ್ದರೆ ಏನಾಗುತ್ತದೆಂದು ಕನ್ನಡದಲ್ಲೇ ಬರೆದಿದೆ.

ಫೆಬ್ರವರಿ 18, ಭಾನುವಾರ. ಅಪ್ಪ ಹೋಗಿ 383 ದಿನ. ತಮ್ಮ ಊರಿಗೆ ಬಂದಿದ್ದ. ಆ ಹೊತ್ತಿಗೆ ಬ್ಯಾಂಕು, ಪಿಂಚಣಿ, ತೆರಿಗೆ ಎಲ್ಲದರ ಲೆಕ್ಕದಲ್ಲೂ ವರ್ಷ ತುಂಬಿ ಎರಡೂವರೆ ವಾರ ಕಳೆದಿತ್ತು. ಮನೆಯ ಲೆಕ್ಕದಲ್ಲಿ ಅವತ್ತಿಗೆ ತುಂಬಿತು.

2025ರಲ್ಲಿ ತಿಥಿ ಫೆಬ್ರವರಿ 7ಕ್ಕೆ ಬಂತು. 2026ರಲ್ಲಿ ಜನವರಿ 28ಕ್ಕೆ. ಮೊದಲ ಸಲ ಅದು ಇಂಗ್ಲಿಷ್ ತಾರೀಖನ್ನು ದಾಟಿ ಈಚೆ ಬಂದಿತ್ತು. ಈ ವರ್ಷ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ವರ್ಷ ಮತ್ತೆ ಫೆಬ್ರವರಿಯ ನಡುವಿಗೆ ಹೋಗುತ್ತದೆ.

ತಿಥಿ ಮುಗಿಸಿ ಬೆಂಗಳೂರಿಗೆ ಹೊರಡುವ ಮೊದಲು ಅಡುಗೆಮನೆಯ ಕ್ಯಾಲೆಂಡರ್ ನೋಡಿದೆ. ಹಾಲಿನ ಲೆಕ್ಕವನ್ನು ಈಗ ಅಮ್ಮ ಅದರಲ್ಲೇ ಬರೆಯುತ್ತಾಳೆ. ಇಪ್ಪತ್ತೆಂಟರ ಚೌಕದಲ್ಲಿ ‘ತಿಥಿ, ಹಾಲು 3 ಲೀ’ ಎಂದಿತ್ತು. ಮೂವತ್ತೊಂದರ ಚೌಕದಲ್ಲಿ ಏನೂ ಬರೆದಿರಲಿಲ್ಲ. ತಾರೀಖಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿದ್ದಳು, ಅಷ್ಟೇ.